ಮಂಗಳೂರನ್ನು ಹೊತ್ತು ನೋಡಿ ನೋಡಬೇಕು: ಮೈಸೂರು, ಮಂಡ್ಯದವರಿಗೆ

ನಮ್ಮ ಕಡೆಯಿಂದ ಕರಾವಳಿಗೆ ಹೊರಡುವ ಗಾಡಿಗಳ ದಾರಿ ಹೆಚ್ಚುಕಮ್ಮಿ ಒಂದೇ. ಸುಬ್ರಹ್ಮಣ್ಯ, ಧರ್ಮಸ್ಥಳ, ಕಟೀಲು, ಉಡುಪಿ, ಮುರುಡೇಶ್ವರ. ನಡುವೆ ಮಂಗಳೂರಿಗೆ ಸಿಗುವುದು ಅರ್ಧ ದಿನ. ನೆತ್ತಿ ಮೇಲೆ ಬಿಸಿಲಿದ್ದಾಗ ಬೀಚು, ಸಂಜೆಗೆ ಮಾಲು, ರಾತ್ರಿಗೆ ಐಸ್‌ಕ್ರೀಮು. ವಾಪಸ್ ಬಂದು "ಅಲ್ಲೇನಿಲ್ಲ ಕಣ್ರೀ, ಬರೀ ಸೆಕೆ" ಅಂತ ತೀರ್ಪು.

ಅರಮನೆಯ ಥರ ಒಂದೇ ನೋಟಕ್ಕೆ ಬಾಯಿ ತೆರೆಸುವ ಕಟ್ಟಡ ಮಂಗಳೂರಿನಲ್ಲಿ ಇಲ್ಲ, ಒಪ್ಪೋಣ. ಆದರೆ ಹಂಪನಕಟ್ಟೆಯನ್ನು ನಡುವೆ ಇಟ್ಟುಕೊಂಡು ಎರಡು ಮೂರು ಕಿಲೋಮೀಟರ್ ಸುತ್ತಿದರೆ ಕಡಲ ಮೀನುಗಾರರಾದ ಮೊಗವೀರರ ಮೀನಿನ ದಕ್ಕೆ (ಬೋಟು ನಿಲ್ಲುವ ಕಟ್ಟೆ), ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಬಂದರು, ಗೌಡ ಸಾರಸ್ವತರ ರಥಬೀದಿ, ಕ್ಯಾಥೊಲಿಕರ ಇಗರ್ಜಿಗಳು (ಚರ್ಚುಗಳು), ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಶನ್ನಿನ ಬಲ್ಮಠ ಎಲ್ಲವೂ ಒಂದರ ಬೆನ್ನಿಗೊಂದು ಸಿಗುತ್ತವೆ. ಒಂದು ಬೀದಿಯಲ್ಲಿ ತುಳು, ಮುಂದಿನ ತಿರುವಿನಲ್ಲಿ ಕೊಂಕಣಿ, ಅದರಾಚೆ ಬ್ಯಾರಿ ಭಾಷೆ. ಒಂದೊಂದು ಕೇರಿಗೂ ಅದರದೇ ಹೊತ್ತು ಇದೆ. ದಕ್ಕೆ ಬೆಳಗ್ಗೆ ಎಂಟರೊಳಗೆ, ಚಾಪೆಲ್ ಬೆಳಗಿನ ಬೆಳಕಿನಲ್ಲಿ, ಮೀನೂಟ ಒಂದು ಗಂಟೆಗೆ ಮೊದಲು, ಹೊಳೆ ದಾಟುವುದು ಸಂಜೆ ಐದಕ್ಕೆ. ಹೊತ್ತು ತಪ್ಪಿತೋ, ಮುಚ್ಚಿದ ಬಾಗಿಲು ಮತ್ತು ಬೆವರು ಮಾತ್ರ. ಆದ್ದರಿಂದ ಎರಡು ರಾತ್ರಿ ಇಡಿ. ಧರ್ಮಸ್ಥಳ, ಉಡುಪಿ ಇನ್ನೊಂದು ಸಲಕ್ಕಿರಲಿ.

ಹೋಗುವುದು, ಇಳಿಯುವುದು

ಮೈಸೂರಿನಿಂದ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು, ಬಿ.ಸಿ.ರೋಡ್ ಹಾದು ಸುಮಾರು 250 ಕಿಲೋಮೀಟರ್. ಬಸ್ಸಿಗೆ ಆರೂವರೆಯಿಂದ ಏಳು ಗಂಟೆ. ಮಂಡ್ಯದವರು ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಹೊಟ್ಟೆ ತೊಳಸುವವರು ಬಹಳ. ಹಿಂದಿನ ಸೀಟು ಬೇಡ, ಕುಶಾಲನಗರದಲ್ಲಿ ಹೊಟ್ಟೆ ಬಿರಿಯ ತಿಂಡಿಯೂ ಬೇಡ. ಮಳೆಗಾಲದಲ್ಲಿ ಹೊರಡುವ ಹಿಂದಿನ ದಿನ ರಸ್ತೆ ವಿಚಾರಿಸಿ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಬಳಿ ಗುಡ್ಡ ಜರಿದು ಈ ದಾರಿಯೇ ಕಡಿದುಹೋಗಿತ್ತು. ಆಮೇಲೂ ಜೋರು ಮಳೆಯ ದಿನಗಳಲ್ಲಿ ಅಲ್ಲಿ ಓಡಾಟಕ್ಕೆ ತಡೆ ಬೀಳುವುದುಂಟು.

ರೈಲಾದರೆ ಹಾಸನ, ಸಕಲೇಶಪುರದ ಮೇಲೆ ರಾತ್ರಿ ಪ್ರಯಾಣ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ 57 ಸುರಂಗಗಳಿವೆ. ರಾತ್ರಿ ಒಂದೂ ಕಾಣುವುದಿಲ್ಲ. ಘಾಟಿಯನ್ನು ಹಗಲಲ್ಲೇ ನೋಡಬೇಕು ಅನ್ನುವವರು ಹಾಸನದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಬೆಂಗಳೂರು ಕಡೆಯಿಂದ ಬರುವ ಹಗಲು ರೈಲು ಹಿಡಿಯಬಹುದು. ಅದು ಓಡುವ ದಿನಗಳನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಇಳಿಯುವ ಜಾಗದಲ್ಲಿ ಹೊಸಬರು ಎಡವುತ್ತಾರೆ. ಮಂಗಳೂರಿಗೆ ಎರಡು ರೈಲು ನಿಲ್ದಾಣ. ಸೆಂಟ್ರಲ್ ಇರುವುದು ಹಂಪನಕಟ್ಟೆಯ ಮಗ್ಗುಲಲ್ಲಿ, ಜಂಕ್ಷನ್ ಇರುವುದು ಊರಾಚೆ ಪಡೀಲಿನ ಕಡೆ. ಟಿಕೆಟ್ಟಿನಲ್ಲಿ ಯಾವುದಿದೆ ಎಂದು ನೋಡದೆ ರೂಮು ಮಾಡಬೇಡಿ. ಸರ್ಕಾರಿ ಬಸ್ಸು ನಿಲ್ಲುವುದು ಬಿಜೈಯಲ್ಲಿ. ಸಿಟಿ ಬಸ್ಸುಗಳ ಮೂಲಸ್ಥಾನ ಮಾತ್ರ 'ಸ್ಟೇಟ್ ಬ್ಯಾಂಕ್'. ಬ್ಯಾಂಕಿನಲ್ಲಿ ಕೆಲಸವಿಲ್ಲದಿದ್ದರೂ ಕಂಡಕ್ಟರಿಗೆ ಸ್ಟೇಟ್ ಬ್ಯಾಂಕ್ ಅಂದರೆ ಸಾಕು, ಪೇಟೆಯ ನಡುವಿಗೆ ತಂದು ಬಿಡುತ್ತಾನೆ. ಸಿಟಿ ಬಸ್ಸೆಲ್ಲ ಹೆಚ್ಚಾಗಿ ಖಾಸಗಿಯವರದು, ಓಟ ಜೋರು, ನಿಲ್ಲುವುದು ಕ್ಷಣ ಹೊತ್ತು. ಇಳಿಯುವ ಸ್ಟಾಪಿಗೆ ಒಂದು ಸ್ಟಾಪ್ ಮೊದಲೇ ಬಾಗಿಲ ಬಳಿ ಬಂದಿರಬೇಕು. ಆಟೋದವರು ಸಾಮಾನ್ಯವಾಗಿ ಮೀಟರ್ ಹಾಕುತ್ತಾರೆ. ಚೌಕಾಸಿಗೆ ಇಳಿದರೆ ಅವರಿಗೇ ವಿಚಿತ್ರ ಅನ್ನಿಸುತ್ತದೆ.

ರೂಮು ಹಂಪನಕಟ್ಟೆ, ರಥಬೀದಿ, ಸ್ಟೇಟ್ ಬ್ಯಾಂಕಿನ ಸುತ್ತಮುತ್ತಲೇ ಇರಲಿ. ಬೀಚಿನ ಪಕ್ಕದ ರೆಸಾರ್ಟಿನಲ್ಲಿ ಉಳಿದರೆ ಬೆಳಗಿನ ದಕ್ಕೆ ತಪ್ಪುತ್ತದೆ, ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆ ಟ್ರಾಫಿಕ್ಕು.

ಮಾತಿನ ವಿಷಯ ಒಂದಿಷ್ಟು. ಕನ್ನಡ ಎಲ್ಲರಿಗೂ ಬರುತ್ತದೆ, ಆದರೆ ಬಹುಪಾಲು ಜನರಿಗೆ ಅದು ಶಾಲೆಯಲ್ಲಿ ಕಲಿತ ಕನ್ನಡ, ಮರ್ಯಾದೆಯ ಕನ್ನಡ. ನಮ್ಮ ಮಂಡ್ಯದ "ಏನ್ಲಾ", ಮೈಸೂರಿನ "ಏನ್ ಗುರು" ಅಲ್ಲಿ ಸಲುಗೆಯಾಗಿ ಕೇಳಿಸುವುದಿಲ್ಲ, ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ. ಹಣ್ಣಿನ ಗಾಡಿಯವನಿಗೂ 'ನೀವು' ಅನ್ನಿ.

ಬೆಳಗ್ಗೆ ಆರಕ್ಕೆ ದಕ್ಕೆ

ಹಳೆ ಬಂದರಿನ ಮೀನುಗಾರಿಕಾ ದಕ್ಕೆಗೆ ಆರರಿಂದ ಏಳರೊಳಗೆ ಹೋಗಬೇಕು. ಟ್ರಾಲ್ ಬೋಟು, ಪರ್ಸೀನ್ ಬೋಟುಗಳಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿರುತ್ತದೆ, ಮೊಗವೀರ ಹೆಂಗಸರು ಏಲಂ ಕೂಗಿನ ನಡುವೆ ನಿಂತು ಬುಟ್ಟಿ ಹಿಡಿಯುತ್ತಿರುತ್ತಾರೆ, ಐಸಿನ ಲಾರಿಗಳು ಹಿಂದೆ ಬರುತ್ತಿರುತ್ತವೆ. ಎಂಟೂವರೆಯ ಹೊತ್ತಿಗೆ ಗದ್ದಲ ಇಳಿದಿರುತ್ತದೆ. ನೆಲ ಪೂರ್ತಿ ಮೀನಿನ ನೀರು, ಹಾಗಾಗಿ ಹಿಡಿತವಿರುವ ರಬ್ಬರ್ ಚಪ್ಪಲಿ ಹಾಕಿ. ಬಿಳಿ ಪಂಚೆ, ಹೊಸ ಶೂ ಬೇಡ. ದಾರಿ ಬಿಟ್ಟು ಗೋಡೆ ಪಕ್ಕ ನಿಲ್ಲಿ. ಬುಟ್ಟಿ ಹೊತ್ತು ಓಡುವವರು ನಿಮಗಾಗಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಫೋಟೋಗೆ ಮೊದಲು ಕೇಳಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಮೀನು ಮರಿ ಮಾಡುವ ಕಾಲ ಅದು. ಆ 61 ದಿನ ದಕ್ಕೆಯಲ್ಲಿ ಕಟ್ಟಿಹಾಕಿದ ಬೋಟುಗಳ ಸಾಲು ಬಿಟ್ಟರೆ ಬೇರೆ ಕಾಣಿಸದು. ಹೋಟೆಲಿನಲ್ಲಿ ಸಿಗುವುದೂ ನಾಡದೋಣಿಯ ಮೀನು, ಹೊಳೆ ಮೀನು, ಇಲ್ಲವೇ ಐಸಿನಲ್ಲಿಟ್ಟಿದ್ದು. ಮೀನಿಗಾಗಿಯೇ ಹೋಗುವವರು ಸೆಪ್ಟೆಂಬರಿನಿಂದ ಜನವರಿಯೊಳಗೆ ಹೋಗಿ.

ಹೆಸರು ಗೊತ್ತಿದ್ದರೆ ಒಳ್ಳೆಯದು. ಬಂಗುಡೆ (ಮ್ಯಾಕೆರೆಲ್), ಬೂತಾಯಿ (ಸಾರ್ಡೀನ್), ಅಂಜಲ್ (ಸೀರ್), ಕಾಣೆ (ಲೇಡಿಫಿಶ್), ಮಾಂಜಿ (ಪಾಂಫ್ರೆಟ್), ನಂಗ್ (ಸೋಲ್). ಸಿಗಡಿಗೆ ತುಳುವಿನಲ್ಲಿ ಎಟ್ಟಿ, ಏಡಿಗೆ ಡೆಂಜಿ, ಚಿಪ್ಪಿನೊಳಗಿನದಕ್ಕೆ ಮರ್ವಾಯಿ. ದಕ್ಕೆಯ ಏಲಂ ಬುಟ್ಟಿ ಲೆಕ್ಕದಲ್ಲಿ ನಡೆಯುವುದರಿಂದ ಅರ್ಧ ಕಿಲೋ ಕೇಳಿ ಮುಖ ನೋಡಿಸಿಕೊಳ್ಳಬೇಡಿ, ಚಿಲ್ಲರೆಗೆ ಪೇಟೆಯ ಮೀನು ಮಾರ್ಕೆಟ್ಟಿದೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಎತ್ತಿದರೆ ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ತಕ್ಷಣ ಮೇಲೇಳಬೇಕು. ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಕೆಡುತ್ತದೆ. ಅದರ ಹೊಟ್ಟೆ ಒಡೆದಿದ್ದರೆ ಮುಟ್ಟಬೇಡಿ.

ಅಲ್ಲಿಂದಲೇ ಬೆಂಗ್ರೆಗೆ ದೋಣಿ. ಒಂದು ಕಡೆ ಫಲ್ಗುಣಿ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ ಅದು. ಕಸಬಾ ಬೆಂಗ್ರೆಯಲ್ಲಿ ಬ್ಯಾರಿಗಳು, ತೋಟ ಬೆಂಗ್ರೆಯಲ್ಲಿ ಮೊಗವೀರರು ಹೆಚ್ಚು. ಎರಡೂ ಕಡೆಯವರ ಬದುಕು ಒಂದೇ ಕಡಲಿನದು. ದೋಣಿಯ ದರ ಚಿಲ್ಲರೆ ಕಾಸು, ಹತ್ತಿಪ್ಪತ್ತು ನಿಮಿಷದ ದಾರಿ. ಅಲ್ಲಿನವರು ಅದರಲ್ಲಿ ಶಾಲೆಗೆ, ಕೆಲಸಕ್ಕೆ ಹೋಗುವವರು. ದಕ್ಷಿಣದ ತುದಿಗೆ ನಡೆದರೆ ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲಿಗಿಳಿಯುವ ಅಳಿವೆ ಬಾಗಿಲು. ನೋಡಬಹುದು, ನೀರಿಗೆ ಕಾಲಿಡುವ ಜಾಗವಲ್ಲ.

ತಿಂಡಿ ಹತ್ತರೊಳಗೆ

ದಕ್ಕೆಯಿಂದ ರಥಬೀದಿಗೆ ಬಂದು ತಿಂಡಿ. ಮೊದಲು ಬನ್ಸ್. ಕಳಿತ ಬಾಳೆಹಣ್ಣು, ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಸೋಡಾ ಕಲಸಿ ಮೈದಾ ಹಿಟ್ಟು ನಾದಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಪೂರಿಗಿಂತ ದಪ್ಪ ಲಟ್ಟಿಸಿ ಕರಿದದ್ದು. ಸಿಹಿ ಅಂತ ತಿಳಿದು ಕೊನೆಗೆ ಇಟ್ಟುಕೊಳ್ಳಬೇಡಿ. ಅದಕ್ಕೆ ಜೊತೆ ಖಾರದ ಚಟ್ನಿ, ಸಾಂಬಾರ್. ಆರಿದರೆ ಜಗಿಯಲು ರಬ್ಬರು, ಆದ್ದರಿಂದ "ಬಿಸಿ ಉಂಟಾ?" ಅಂತ ಕೇಳಿಯೇ ಹೇಳಿ. ಎರಡನೆಯದು ಸಜ್ಜಿಗೆ ಬಜಿಲ್: ಉಪ್ಪಿಟ್ಟಿನ ಮೇಲೆ ಕಾಯಿತುರಿ ಹಾಕಿ ಕಲಸಿದ ಅವಲಕ್ಕಿ. ಉಪ್ಪಿಟ್ಟು ಕಂಡರೆ ಮೂಗು ಮುರಿಯುವವರೂ ಇದನ್ನು ತಿನ್ನುತ್ತಾರೆ. ನೀರುದೋಸೆ ನಮ್ಮ ಕಡೆಯೂ ಸಿಗುತ್ತದೆ, ಆದರೆ ಇಲ್ಲಿ ಕಾಯಿ ಬೆಲ್ಲ ಹಚ್ಚಿ ತಿಂದು ನೋಡಿ. ಗೋಳಿಬಜೆ ಸಂಜೆ ನಾಲ್ಕರ ತಿಂಡಿ, ಬೆಳಗ್ಗೆ ಕೇಳಿದರೆ ನಿನ್ನೆಯದು ಬರಬಹುದು.

ಒಂದು ಎಚ್ಚರ. ಕರಿಯುವುದು, ಒಗ್ಗರಣೆ, ಗಸಿ ಎಲ್ಲದರಲ್ಲೂ ತೆಂಗಿನೆಣ್ಣೆ. ಕಡಲೆಕಾಯಿ ಎಣ್ಣೆಯ ನಾಲಿಗೆಗೆ ಮೊದಲ ದಿನ ಮೂಗಿಗೆ ಹೊಡೆಯುತ್ತದೆ. ಮೊದಲ ಹೊತ್ತು ಹಗುರ ತಿನ್ನಿ, ಮರುದಿನ ಸರಿಹೋಗುತ್ತದೆ.

ಬಾವುಟಗುಡ್ಡೆ ಮತ್ತು ಚಾಪೆಲ್

ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ರಸ್ತೆ ಏರಿದರೆ ಬಾವುಟಗುಡ್ಡೆ. 1837ರ ಏಪ್ರಿಲ್‌ನಲ್ಲಿ ಸುಳ್ಯ ಕಡೆಯಿಂದ ದಂಡೆತ್ತಿ ಬಂದ ರೈತರು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿ, 13 ದಿನ ಮಂಗಳೂರನ್ನು ಕೈಯಲ್ಲಿಟ್ಟುಕೊಂಡ ಜಾಗ. ಅದಕ್ಕೇ ಆ ಹೆಸರು. ಅವರ ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲಿದೆ. ನೀವು ಬಸ್ಸಿನಲ್ಲಿ ಇಳಿದು ಬಂದದ್ದೂ ಹೆಚ್ಚುಕಮ್ಮಿ ಅವರು ಬಂದ ಸೀಮೆಯಿಂದಲೇ.

ಅದೇ ಗುಡ್ಡದ ಮೇಲೆ 1880ರಲ್ಲಿ ಶುರುವಾದ ಸೇಂಟ್ ಅಲೋಶಿಯಸ್ ಕಾಲೇಜು, ಅದರ ಆವರಣದಲ್ಲಿ ಚಾಪೆಲ್. ಮಂಗಳೂರಿನಲ್ಲಿ ಒಂದನ್ನೇ ನೋಡಲು ಹೊತ್ತಿದೆ ಅನ್ನುವವರಿಗೆ ನಮ್ಮ ಉತ್ತರ ಇದು. ಇಟಲಿಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಕೆಲಸಕ್ಕೆ ಕೂತು ಎರಡು ವರ್ಷಕ್ಕೂ ಮೇಲೆ ಗೋಡೆ, ಕಮಾನು, ಚಾವಣಿ ಎಲ್ಲವನ್ನೂ ಚಿತ್ರದಿಂದ ತುಂಬಿಸಿದರು. ಗೋಡೆಯ ಚಿತ್ರಗಳು ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು, ಗಾರೆ ಒಣಗುತ್ತಾ ಬಣ್ಣವನ್ನು ಒಳಗೆ ಹಿಡಿದುಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಬರೆಯಬಲ್ಲರೋ ಅಷ್ಟೇ ಗಾರೆ ಬಳಿಯಬೇಕು, ಒಣಗಿದ ಮೇಲೆ ತಿದ್ದುವ ಹಾಗಿಲ್ಲ. ಚಾವಣಿಯಲ್ಲಿರುವುದು ಕ್ಯಾನ್‌ವಾಸಿನ ಮೇಲಿನ ತೈಲಚಿತ್ರ.

ಒಳಗೆ ಹೋದವರು ಕತ್ತೆತ್ತಿ ಒಂದು ಸುತ್ತು ನೋಡಿ ಐದು ನಿಮಿಷದಲ್ಲಿ ಹೊರಬರುತ್ತಾರೆ. ಹಾಗೆ ಮಾಡಬೇಡಿ. ಬೆಂಚಿನ ಮೇಲೆ ಕೂತು ಚಾವಣಿಯ ನಡುಸಾಲನ್ನು ಹಿಡಿಯಿರಿ, ಅದು ಸಂತ ಅಲೋಶಿಯಸ್ ಗೊನ್ಜಾಗನ ಬದುಕಿನ ಕಥೆ. ಸಿರಿವಂತ ಮನೆತನದ ಹುಡುಗ, ಎಲ್ಲ ಬಿಟ್ಟು ರೋಮಿನಲ್ಲಿ ಪ್ಲೇಗಿನ ರೋಗಿಗಳ ಸೇವೆಗೆ ನಿಂತು 1591ರಲ್ಲಿ, 23ರ ವಯಸ್ಸಿಗೆ ತೀರಿಕೊಂಡವನು. ಇಳಿಜಾರಿನ ಭಾಗದಲ್ಲಿ ಏಸುವಿನ ಶಿಷ್ಯರು, ಪಕ್ಕದ ಕಮಾನುಗಳಲ್ಲಿ ಬೇರೆ ಸಂತರು. ಆಮೇಲೆ ತಿರುಗಿ ಕೂತು ಹಿಂದಿನ ಗೋಡೆ ನೋಡಿ, ಮಕ್ಕಳ ನಡುವೆ ಏಸು. ಉಬ್ಬಿ ನಿಂತ ಕಂಬ, ಕೆತ್ತನೆಯ ಪಟ್ಟಿ ಅಂತ ಕಾಣುವುದರಲ್ಲಿ ಎಷ್ಟೋ ಬರೀ ಬಣ್ಣದ ನೆರಳು, ಗೋಡೆ ಚಪ್ಪಟೆ. ಬದಿಯಿಂದ ನೋಡಿದರೆ ಗುಟ್ಟು ಗೊತ್ತಾಗುತ್ತದೆ.

ಮೈಸೂರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್, ಮಂಗಳೂರಿಗೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಆ ತೇವದಲ್ಲಿ ಸುಣ್ಣದ ಗೋಡೆಯ ಚಿತ್ರ ಉಳಿಸಿಕೊಳ್ಳುವುದು ಹರಸಾಹಸ. ಅದಕ್ಕೇ ಕೈ ತಾಗಿಸಬೇಡಿ, ಫ್ಲ್ಯಾಶ್ ಬೇಡ, ಫೋಟೋ ಬಗ್ಗೆ ಅಲ್ಲಿನ ಫಲಕ ಹೇಳಿದಂತೆ ನಡೆಯಿರಿ. ಇದು ಪೂಜೆ ನಡೆಯುವ ಜಾಗ. ಭಾನುವಾರ ಮತ್ತು ಮಧ್ಯಾಹ್ನದ ಹೊತ್ತು ಪ್ರವಾಸಿಗರಿಗೆ ಬಾಗಿಲು ಯಾವಾಗಲೂ ತೆರೆದಿರುವುದಿಲ್ಲ. ವಾರದ ದಿನ ಹತ್ತರ ಸುಮಾರಿಗೆ ಹೋದರೆ ಬೆಳಕೂ ಚೆನ್ನ, ಜನವೂ ಕಮ್ಮಿ. ಪಕ್ಕದಲ್ಲೇ ಕಾಲೇಜಿನ ವಸ್ತುಸಂಗ್ರಹಾಲಯ ಇದೆ, ಮಕ್ಕಳಿದ್ದರೆ ಖಂಡಿತ ಹೋಗಿ.

ಇಳಿದು ಬರುವಾಗ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ. ಮೊದಲು ಕಟ್ಟಿದ್ದು 1680ರಲ್ಲಿ, ಈಗಿನ ಕಟ್ಟಡ 1911ರದು. ನಡುವೆ ನಮ್ಮ ಸೀಮೆಯ ಚರಿತ್ರೆಯೇ ಇದೆ: 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೊಲಿಕರನ್ನು ಸೆರೆ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಹಳೆಯ ಇಗರ್ಜಿ ನೆಲಸಮವಾಯಿತು. ಉಳಿದವರು ಬಿಡುಗಡೆಯಾಗಿ ಊರಿಗೆ ಮರಳಿದ್ದು 1799ರ ನಂತರ. ದರಿಯಾ ದೌಲತ್ ಕಂಡವರು ಇದನ್ನೂ ಕಾಣಬೇಕು.

ಊಟ: ಮೊದಲ ಪ್ರಶ್ನೆ ಅಕ್ಕಿಯದು

ಹೋಟೆಲಿನಲ್ಲಿ ಕೂತ ಕೂಡಲೇ ಕೇಳುತ್ತಾರೆ, "ಕುಚ್ಚಲಕ್ಕಿಯಾ, ಬೆಳ್ತಿಗೆಯಾ?" ಬೆಳ್ತಿಗೆ ಅಂದರೆ ನಾವು ದಿನಾ ಉಣ್ಣುವ ಬಿಳಿ ಅನ್ನ. ಕುಚ್ಚಲಕ್ಕಿ ಭತ್ತವನ್ನೇ ಬೇಯಿಸಿ ಒಣಗಿಸಿ ಕುಟ್ಟಿದ್ದು, ಕಾಳು ದಪ್ಪ, ಬಣ್ಣ ಕೆಂಪು. ನಮ್ಮ ತಿಳಿಸಾರಿಗೆ ಅದು ಕೂಡುವುದಿಲ್ಲ, ಸಾರೆಲ್ಲ ಕಾಳಿನಿಂದ ಜಾರಿ ಎಲೆಯ ತುದಿ ಸೇರುತ್ತದೆ. ಮೀನಿನ ಗಸಿಯಂಥ ಗಟ್ಟಿ ಸಾರು, ಚಟ್ನಿ, ಉಪ್ಪಿನಕಾಯಿ, ಮಜ್ಜಿಗೆಗೆ ಮಾತ್ರ ಅದೇ ಸರಿ. ಮುದ್ದೆ ಉಂಡು ಬೆಳೆದವರಿಗೆ ಕುಚ್ಚಲಕ್ಕಿ ಬೇಗ ಹಿಡಿಸುತ್ತದೆ. ಎರಡೂ ಹೊಟ್ಟೆಯಲ್ಲಿ ನಿಲ್ಲುವ ಊಟ.

ಮೀನೂಟಕ್ಕೆ ರಥಬೀದಿಯ ಬಳಿಯ ಗಿರಿಮಂಜಾಸ್, ಬಂದರಿನ ನಾರಾಯಣ ಹೆಸರಾದವು. ಒಂದರಿಂದ ಎರಡೂವರೆ ತನಕ ನೂಕುನುಗ್ಗಲು, ಗುರುತಿಲ್ಲದವರ ಪಕ್ಕ ಕೂರಿಸುತ್ತಾರೆ. ಹನ್ನೆರಡೂಕಾಲಿಗೆ ಹೋಗಿ. ಊಟದ ದರ ಬೇರೆ, ಫ್ರೈ ದರ ಬೇರೆ. ತಟ್ಟೆಯಲ್ಲಿ ಆ ದಿನದ ಮಸಾಲೆ ಮೀನುಗಳನ್ನು ತಂದು ತೋರಿಸಿದಾಗ ಬೆಲೆ ಕೇಳಿಯೇ ಬೆರಳು ತೋರಿಸಿ. ಅಂಜಲ್, ಮಾಂಜಿ ದುಬಾರಿ. ಬಂಗುಡೆ ಅಗ್ಗ, ರುಚಿಯಲ್ಲಿ ನಮಗಂತೂ ಮೇಲು. ಹುಳಿಖಾರದ ಪುಳಿಮುಂಚಿ ಮಸಾಲೆ ಹಾಕಿದ ಬಂಗುಡೆ ಸಿಕ್ಕರೆ ಬಿಡಬೇಡಿ. ಮುಳ್ಳಿನ ಭಯ ಇರುವವರಿಗೆ ಕಾಣೆ, ನಡುಮುಳ್ಳು ಒಂದೇ ಎಳೆಗೆ ಬರುತ್ತದೆ.

ಕೋರಿ ರೊಟ್ಟಿಯ ರೊಟ್ಟಿ ನಮ್ಮ ಅಕ್ಕಿರೊಟ್ಟಿ ಅಲ್ಲ. ಕುಚ್ಚಲಕ್ಕಿ ಹಿಟ್ಟಿನ ಕಾಗದದಷ್ಟು ತೆಳುವಾದ ಗರಿಗರಿ ಹಾಳೆ. ತಟ್ಟೆಗೆ ಮುರಿದು ಹಾಕಿ, ಮೇಲೆ ಕೋಳಿ ಗಸಿ ಸುರಿದು, ಅರ್ಧ ನಿಮಿಷ ಕಾದು ಉಣ್ಣಬೇಕು. ಎಲ್ಲ ರೊಟ್ಟಿ ಒಮ್ಮೆಗೇ ನೆನೆಸಿದರೆ ಗಂಜಿಯಾಗುತ್ತದೆ. ಎರಡು ತುತ್ತಿಗಾಗುವಷ್ಟು ಮುರಿಯುತ್ತ ಹೋಗಿ.

ಬ್ಯಾರಿಗಳ ಅಡುಗೆಗೆ ಬಂದರು, ಕುದ್ರೋಳಿ ಕಡೆಯ ಚಿಕ್ಕ ಹೋಟೆಲುಗಳು. ಅಕ್ಕಿಹಿಟ್ಟಿನ ರೊಟ್ಟಿ ಪತ್ತಿರ್, ಮಸಾಲೆಯಲ್ಲಿ ಬೆಂದ ಅಕ್ಕಿಯುಂಡೆ ಪಿಂಡಿ, ಮೈಸೂರಿನ ಬಿರಿಯಾನಿಗಿಂತ ಖಾರ ಕಮ್ಮಿಯ ಬಿರಿಯಾನಿ. ಕ್ಯಾಥೊಲಿಕರ ಇಡ್ಲಿಯಂಥ ಸಾನ್ನಾ ಮತ್ತು ಮಾಂಸದ ಮಸಾಲೆ ಸಾರು ಬಫಾತ್ ಎಲ್ಲ ಕಡೆ ಸಿಗುವುದಿಲ್ಲ, ಮಂಗಳೂರು ಕ್ಯಾಥೊಲಿಕ್ ಅಡುಗೆ ಎಂದೇ ಬೋರ್ಡು ಹಾಕಿದಲ್ಲಿ ಕೇಳಿ. ಡಿಸೆಂಬರ್ ಎರಡನೇ ವಾರದಿಂದ ಬೇಕರಿಗಳಲ್ಲಿ ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್ ಬರುತ್ತದೆ: ಕುಲ್‌ಕುಲ್, ನೆವ್ರಿ, ರೋಸ್ ಕುಕ್ಕಿ. ಸಸ್ಯಾಹಾರಿಗಳಿಗೆ ರಥಬೀದಿಯ ಕೊಂಕಣಿ ಹೋಟೆಲುಗಳಲ್ಲಿ ದಾಳಿತೋವೆ, ಬಿಸ್ಕುಟ್ ಅಂಬಡೆ, ಮಳೆಗಾಲದಲ್ಲಿ ಪತ್ರೊಡೆ. ಗಡ್‌ಬಡ್ ಐಸ್‌ಕ್ರೀಮಿಗೆ ಐಡಿಯಲ್‌ನವರದೇ ಹೆಸರು, 1975ರಿಂದ ಇದ್ದಾರೆ. ಉದ್ದ ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ, ಮೂರು ಬಗೆ ಐಸ್‌ಕ್ರೀಮು. ಊಟದ ಮೇಲೆ ಇಬ್ಬರಿಗೆ ಒಂದು ಸಾಕು.

ರಥಬೀದಿ, ಬಂದರು, ಬಲ್ಮಠ

ಊಟದ ನಂತರದ ಎರಡು ಗಂಟೆ ಸೆಕೆಗೆ ಬಿಟ್ಟುಕೊಡಿ, ಮಲಗಿ. ನಾಲ್ಕಕ್ಕೆ ರಥಬೀದಿ. ವೆಂಕಟರಮಣ ದೇವಸ್ಥಾನದ ಸುತ್ತ ಹಪ್ಪಳ, ಉಪ್ಪಿನಕಾಯಿ, ಪುನರ್ಪುಳಿ (ಕೋಕಂ) ಸಿಪ್ಪೆಯ ಅಂಗಡಿಗಳು. ಅಷ್ಟಮಿ, ಚೌತಿ ಸಮಯದಲ್ಲಿ ಅರಿಸಿನ ಎಲೆ, ಕಡುಬು ಬೇಯಿಸುವ ಹಲಸಿನೆಲೆಯ ಕೊಟ್ಟೆ, ಮುಂಡೇವಿನ ಮೂಡೆ ಮಾರಲು ಹೆಂಗಸರು ಬೀದಿ ಬದಿ ಕೂತಿರುತ್ತಾರೆ. ರಥಸಪ್ತಮಿಗೆ ಇಲ್ಲಿ ತೇರು. ಆ ದಿನ ಈ ಭಾಗದಲ್ಲಿ ರೂಮು ಸಿಗುವುದು ಕಷ್ಟ.

ಹೂವಿನ ಅಂಗಡಿಯಲ್ಲಿ ನಮ್ಮ ಲೆಕ್ಕ ನಡೆಯುವುದಿಲ್ಲ. ಮೈಸೂರಿನಲ್ಲಿ ಮೊಳ, ಮಾರು. ಇಲ್ಲಿ ಶಂಕರಪುರದ ಮಲ್ಲಿಗೆಗೆ ಚೆಂಡು, ಅಟ್ಟೆ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3200. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿರುತ್ತಾರೆ. ದರ ಪ್ರತಿದಿನ ಉಡುಪಿ ಜಿಲ್ಲೆಯ ಶಂಕರಪುರದಲ್ಲೇ ನಿಗದಿಯಾಗುವುದರಿಂದ ಅಂಗಡಿಯವರ ಹತ್ತಿರ ಚೌಕಾಸಿ ಮಾಡಿ ಲಾಭವಿಲ್ಲ. ಮದುವೆ ಸೀಸನ್ನಿನಲ್ಲಿ ಬೆಲೆ ಕೇಳಿ ಹೌಹಾರಬೇಡಿ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಎರಡಕ್ಕೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಯಾವುದು ಮೇಲು ಅನ್ನುವ ವಾದವನ್ನು ಮಾತ್ರ ಅಲ್ಲಿ ತೆಗೆಯಬೇಡಿ.

ಅಲ್ಲಿಂದ ನಡೆದರೆ ಬಂದರು, ಮೆಣಸಿನಕಾಯಿ, ಗೋಡಂಬಿ, ಒಣಮೀನಿನ ಮಂಡಿಗಳು. ಝೀನತ್ ಬಕ್ಷ್ ಜುಮಾ ಮಸೀದಿ ಇಲ್ಲೇ. ಅರಬ್ ವರ್ತಕರ ಕಾಲದ್ದು, 644ನೇ ಇಸವಿಯಲ್ಲಿ ಕಟ್ಟಿದ್ದು ಎನ್ನುವುದು ಐತಿಹ್ಯ. ನೋಡಬೇಕಾದ್ದು ಒಳಗಿನ ಕೆತ್ತನೆಯ ಮರದ ಕಂಬಗಳು. ಬೇರೆ ಧರ್ಮದವರು ಮೊದಲು ಕಚೇರಿಯಲ್ಲಿ ಕೇಳಬೇಕು, ಶುಕ್ರವಾರ ಮಧ್ಯಾಹ್ನ ಹೋಗಬಾರದು, ಮೈ ಮುಚ್ಚುವ ಬಟ್ಟೆ ಇರಬೇಕು. ಬೇಡ ಅಂದರೆ ಮಾತು ಬೆಳೆಸದೆ ಬನ್ನಿ.

ಕನ್ನಡ ಓದುವವರು ಬಲ್ಮಠಕ್ಕೂ ಹೋಗಬೇಕು. ಬಾಸೆಲ್ ಮಿಶನ್ ಇಲ್ಲಿಗೆ ಬಂದದ್ದು 1834ರಲ್ಲಿ. ಅದರ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದದ್ದು, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಈ ಊರಿನಲ್ಲಿ. 1865ರಲ್ಲಿ ಜೆಪ್ಪುವಿನಲ್ಲಿ ಅದೇ ಮಿಶನ್ನಿನ ಹೆಂಚಿನ ಕಾರ್ಖಾನೆ ಶುರುವಾಯಿತು. ಮೈಸೂರಿನ ಹಳೆ ಅಗ್ರಹಾರದ ಮನೆಗಳ ಮೇಲಿನ ಮಂಗಳೂರು ಹೆಂಚನ್ನು ಮಗುಚಿದರೆ ಕಾರ್ಖಾನೆಯ ಮುದ್ರೆ, ಕೆಲವದರಲ್ಲಿ ಇಸವಿ ಕೂಡ ಸಿಗುತ್ತದೆ. ನೇತ್ರಾವತಿ, ಗುರುಪುರ (ಫಲ್ಗುಣಿ) ಹೊಳೆಗಳ ದಡದ ಜೇಡಿ ಅದು.

ಕದ್ರಿ

ಎರಡನೇ ದಿನದ ಬೆಳಗು ಕದ್ರಿಗೆ. ಮಂಜುನಾಥನ ದರ್ಶನ ಮುಗಿಸಿ ಎಲ್ಲರೂ ಹೊರಡುತ್ತಾರೆ. ನೀವು ಆವರಣದೊಳಗಿನ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕೇಳಿ ನೋಡಿ. ಮೂರು ಮುಖ, ಆರು ಕೈ, ಕೂತ ಭಂಗಿ, ಎತ್ತರ ಸುಮಾರು ಐದಡಿ. ಪೀಠದ ಶಾಸನದ ಪ್ರಕಾರ ಆಳುಪರ ದೊರೆ ಕುಂದವರ್ಮ 968ರಲ್ಲಿ 'ಕದರಿಕಾ ವಿಹಾರ'ದಲ್ಲಿ ಇದನ್ನು ಪ್ರತಿಷ್ಠೆ ಮಾಡಿಸಿದ. ವಿಹಾರ ಅಂದಮೇಲೆ ಬೌದ್ಧರದ್ದೋ, ಶೈವ ನಾಥರದ್ದೋ ಎಂದು ವಿದ್ವಾಂಸರು ಇಂದಿಗೂ ಎಳೆದಾಡುತ್ತಾರೆ. ದಕ್ಷಿಣದಲ್ಲಿ ಇಷ್ಟು ಹಳೆಯ, ಇಷ್ಟು ದೊಡ್ಡ, ಇಸವಿ ಸಮೇತ ಇರುವ ಕಂಚು ಅಪರೂಪ. ಹಿಂದೆ ಗೋಮುಖದ ನೀರು ತುಂಬುವ ಕೆರೆಗಳು, ಮೇಲೆ ಮೆಟ್ಟಿಲು ಹತ್ತಿದರೆ ನಾಥಪಂಥದ ಜೋಗಿ ಮಠ. ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ನಾಥ ಯೋಗಿಗಳು ನಡೆದೇ ಬಂದು ಇಲ್ಲಿ ಹೊಸ ಪೀಠಾಧಿಪತಿಯನ್ನು ಕೂರಿಸುತ್ತಾರೆ. ಇಲ್ಲಿ ಹಲವು ದೇವಸ್ಥಾನಗಳ ಒಳಸುತ್ತಿಗೆ ಗಂಡಸರು ಅಂಗಿ ತೆಗೆಯಬೇಕು, ಹೆಗಲಿಗೊಂದು ಶಲ್ಯ ಇಟ್ಟುಕೊಳ್ಳಿ.

ಕದ್ರಿ ಗೋಪಾಲನಾಥರ ಕದ್ರಿಯೂ ಇದೇ. ನಾದಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಅದರಲ್ಲೇ ಕರ್ನಾಟಕ ಸಂಗೀತ ನುಡಿಸಲು ಹೊರಟದ್ದು. ಅಷ್ಟರಮಟ್ಟಿಗೆ ಅದು ನಮ್ಮೂರಿನ ಸಾಲವೂ ಹೌದು.

ಸಂಜೆ ಹೊಳೆ ದಾಟಿ

ಬೀಚುಗಳಲ್ಲಿ ನಮ್ಮ ಓಟು ತಣ್ಣೀರುಬಾವಿಗೆ. ಬೋಳೂರಿನ ಸುಲ್ತಾನ್ ಬತ್ತೇರಿಗೆ ಐದರೊಳಗೆ ಹೋಗಿ. 1784ರಲ್ಲಿ ಟಿಪ್ಪು ಹೊಳೆಯ ಮೇಲೆ ಕಣ್ಣಿಡಲು ಕಟ್ಟಿಸಿದ ಪುಟ್ಟ ಕಲ್ಲಿನ ಕೊತ್ತಲ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಲ್ಲಿಂದ ದೋಣಿ ದಾಟಿದರೆ ತಣ್ಣೀರುಬಾವಿ. ಕೊನೆಯ ದೋಣಿ ಎಷ್ಟಕ್ಕೆ ಎಂದು ಹೋಗುವಾಗಲೇ ಕೇಳಿ. ತಪ್ಪಿದರೆ ಕೂಳೂರು ಸೇತುವೆ ಸುತ್ತಿ ಆಟೋದಲ್ಲಿ ಬರಬೇಕು. ಸೂರ್ಯ ಮುಳುಗುವುದು ನವೆಂಬರಿನಲ್ಲಿ ಆರರ ಆಸುಪಾಸು, ಜೂನಿನಲ್ಲಿ ಏಳಕ್ಕೆ. ಪಣಂಬೂರಿನಲ್ಲಿ ಜನ, ಒಂಟೆ, ಮಸಾಲೆಪುರಿ ಎಲ್ಲ ಇದೆ. ಬೇಕಾದವರು ಹೋಗಿ. ಸೋಮೇಶ್ವರ ನೋಡಲು ಚೆಂದ, ಬಂಡೆಗಳಿಂದಾಗಿ ನೀರಿಗಿಳಿಯಲು ಅಪಾಯ.

ಕಾವೇರಿಯಲ್ಲಿ ಈಜಿ ಬೆಳೆದವರೇ ಕಡಲಲ್ಲಿ ಹೆಚ್ಚು ಧೈರ್ಯ ಮಾಡುವುದು. ಹೊಳೆ ಒಂದೇ ದಿಕ್ಕಿಗೆ ಎಳೆಯುತ್ತದೆ. ಕಡಲಲ್ಲಿ ಅಲೆಗಳು ತಂದು ಹಾಕಿದ ನೀರು ಯಾವುದೋ ಒಂದು ಕಿರಿದಾದ ಜಾಗದಿಂದ ವಾಪಸ್ ನುಗ್ಗುತ್ತದೆ. ಅಕ್ಕಪಕ್ಕ ನೊರೆ ಇದ್ದು ನಡುವೆ ಒಂದು ಕಡೆ ಮಾತ್ರ ಅಲೆಯಿಲ್ಲದೆ ಶಾಂತವಾಗಿ, ಗಾಢ ಬಣ್ಣದಲ್ಲಿ ಕಂಡರೆ ಅದೇ ಸೆಳೆತದ ದಾರಿ. ಹೊಸಬರು ಶಾಂತವಾಗಿದೆ ಅಂತ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸೋಲಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಿ. ಜೂನಿನಿಂದ ಸೆಪ್ಟೆಂಬರ್ ತನಕ ಪಾದ ನೆನೆಸುವುದಕ್ಕಿಂತ ಮುಂದೆ ಹೋಗುವುದು ಬೇಡ.

ರಾತ್ರಿಗೆ, ದೀಪಾವಳಿ ಕಳೆದು ಮೇ ಕೊನೆಯಲ್ಲಿ ಆಟಗಳ ಕಾಲ ಮುಗಿಯುವ ಪತ್ತನಾಜೆ ದಿನದವರೆಗೆ ಯಕ್ಷಗಾನ ಇರುತ್ತದೆ. ಹರಕೆಯ ಆಟಕ್ಕೆ ಟಿಕೆಟ್ ಇಲ್ಲ, ಎಲ್ಲಿ ಎಂದು ಬೆಳಗಿನ ಸ್ಥಳೀಯ ಪತ್ರಿಕೆಯಲ್ಲಿ ಬಂದಿರುತ್ತದೆ. ಈಗ ಹಲವು ಮೇಳಗಳು ಕಾಲಮಿತಿಯಲ್ಲಿ ಮಧ್ಯರಾತ್ರಿಯೊಳಗೆ ಮುಗಿಸುತ್ತವೆ, ಹಾಗಾಗಿ ತಡಮಾಡಿ ಹೋಗಬೇಡಿ. ಭೂತಕೋಲ ಪ್ರದರ್ಶನವಲ್ಲ, ಒಂದು ಮನೆಯ ಅಥವಾ ಊರಿನ ನಂಬಿಕೆ. ಯಾರಾದರೂ ಕರೆದರೆ ಹೋಗಿ, ಚಪ್ಪಲಿ ಹೊರಗೆ, ಮೊಬೈಲು ಜೇಬಿನಲ್ಲಿ. ಕುದ್ರೋಳಿ ಗೋಕರ್ಣನಾಥನ ದೇವಸ್ಥಾನ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ್ದು, ಮಂಗಳೂರು ದಸರಾ ಅಲ್ಲಿಯದೇ. ನಮಗೆ ಆ ದಿನ ಊರು ಬಿಡಲಾಗದು, ಆದರೆ ವಿಜಯದಶಮಿಗೆ ಮೂರು ನಾಲ್ಕು ದಿನ ಮೊದಲು ಹೋದರೆ ತಾಸೆ ವಾದ್ಯದ ಪೆಟ್ಟಿಗೆ ಕುಣಿಯುವ ಪಿಲಿವೇಷದ (ಹುಲಿವೇಷದ) ತಂಡಗಳನ್ನು ಬೀದಿಯಲ್ಲೇ ನೋಡಿಕೊಂಡು ಜಂಬೂಸವಾರಿಗೆ ವಾಪಸ್ ಬರಬಹುದು.

ಮೀನು ತರುವವರಿಗೆ

ಹೊರಡುವ ದಿನ ಬೆಳಗ್ಗೆಯೇ ಕೊಳ್ಳಿ, ಹಿಂದಿನ ದಿನ ಬೇಡ. ಹೊಟ್ಟೆ, ಕಿವಿರು ತೆಗೆಸಿ. ಏಳು ಗಂಟೆಯ ದಾರಿಯಲ್ಲಿ ಮೊದಲು ಕೆಡುವುದು ಅವೇ. ಅಂಜಲನ್ನು ತುಂಡು ಮಾಡಿಸಬೇಡಿ, ಇಡಿಯಾಗಿ ತನ್ನಿ. ತುಂಡಾದರೆ ಕರಗಿದ ಐಸಿನ ನೀರು ಕುಡಿದು ಸಪ್ಪೆಯಾಗುತ್ತದೆ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್. ದೊಡ್ಡ ಗಡ್ಡೆ ಬೇಡ, ಅದು ಮೀನಿಗೆ ಒತ್ತಿ ಕೂರದೆ ನಡುವೆ ಗಾಳಿ ಉಳಿಯುತ್ತದೆ. ತಳಕ್ಕೆ ಎರಡು ಅಂಗುಲ ಐಸ್, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದ ಮೀನು, ಸುತ್ತಲೂ ಮೇಲೂ ಮತ್ತೆ ಐಸ್, ಮುಚ್ಚಳಕ್ಕೆ ಎರಡು ಸುತ್ತು ಟೇಪು. ಬಸ್ಸಿನಲ್ಲಿ ಹನಿ ಸೋರಿದರೂ ಕಂಡಕ್ಟರ್ ಇಳಿಸಿಯಾನು, ಹತ್ತುವ ಮೊದಲೇ ಕೇಳಿ. ಕಾರಿನಲ್ಲಾದರೆ ಮಡಿಕೇರಿಯಲ್ಲಿ ಒಮ್ಮೆ ಮುಚ್ಚಳ ತೆಗೆದು ನೀರು ಬಸಿದು ಐಸ್ ತುಂಬಿ. ಮನೆಗೆ ಬಂದ ಕೂಡಲೇ ತೊಳೆದು, ಬಟ್ಟೆಯಲ್ಲಿ ನೀರೊರೆಸಿ, ಆ ರಾತ್ರಿಗೆ ಬೇಕಾದಷ್ಟಕ್ಕೆ ಮಸಾಲೆ ಹಚ್ಚಿ ಉಳಿದದ್ದನ್ನು ಫ್ರೀಜರಿಗೆ ಹಾಕಿ. ಬೂತಾಯಿ ಮಾತ್ರ ಫ್ರೀಜರಿಗೆ ಬೇಡ, ಬಂದ ರಾತ್ರಿಯೇ ಬಾಣಲೆಗೆ.